ಮನೆ ವರ್ಕ್‌ಶಾಪಿನ ಸ್ಟ್ಯಾಂಡ್: ಕಬ್ಬಿಣವೋ, ಪ್ಲೈವುಡ್ಡೋ, ಕಡಪ ಕಲ್ಲೋ?

ನಮ್ಮ ಮನೆ ಮೆಟ್ಟಿಲ ಕೆಳಗಿನ ಜಾಗವನ್ನು ನಾನು ವರ್ಕ್‌ಶಾಪ್ ಅನ್ನುತ್ತೇನೆ. ಮನೆಯವರು ಗುಜರಿ ಅನ್ನುತ್ತಾರೆ. ಆರು ಇಂಚಿನ ಬೆಂಚ್ ಗ್ರೈಂಡರ್ (ಕಬ್ಬಿಣ ಉಜ್ಜುವ, ಅಲಗು ಮಸೆಯುವ ಸುತ್ತುಕಲ್ಲಿನ ಮಷೀನು), ಡ್ರಿಲ್ ಮಷೀನು, ಸಣ್ಣ ಏರ್ ಕಂಪ್ರೆಸರ್, ಸಾಮಾನು ಕಚ್ಚಿ ಹಿಡಿಯುವ ಒಂದು ವೈಸು, ಮತ್ತೆ ಯಾವತ್ತಾದರೂ ಬೇಕಾಗುತ್ತೆ ಅಂತ ಎತ್ತಿಟ್ಟ ನೂರೆಂಟು ಸಾಮಾನು ಅಲ್ಲಿವೆ. ಇವನ್ನೆಲ್ಲ ಜೋಡಿಸಲು ಮೊದಲ ಸಲ ತಂದದ್ದು ಅಂಗಡಿಯಲ್ಲಿ ಸಿಗುವ ತೂತು ಆ್ಯಂಗಲ್ಲಿನ (ಎಲ್ ಆಕಾರದ ಪಟ್ಟಿಯ) ಕಬ್ಬಿಣದ ರ‍್ಯಾಕ್. ನೋಡಲು ಗಟ್ಟಿಯಾಗಿತ್ತು. ನಾನೇ ಒಂದು ಸಲ ಹತ್ತಿ ನಿಂತು ನೋಡಿದ್ದೆ, ಏನೂ ಆಗಲಿಲ್ಲ.

ಗ್ರೈಂಡರ್ ಆನ್ ಮಾಡಿದಾಗಲೂ ಅಂಥ ಸದ್ದಿರಲಿಲ್ಲ. ಆಫ್ ಮಾಡಿದಾಗ ಶುರುವಾಗುತ್ತಿತ್ತು ತಮಾಷೆ. ಕಲ್ಲು ನಿಧಾನವಾಗುತ್ತಾ ಬಂದು ಯಾವುದೋ ಒಂದು ವೇಗಕ್ಕೆ ಇಳಿದ ಕೂಡಲೇ ಇಡೀ ರ‍್ಯಾಕ್ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಮೇಲಿನ ಹಂತದಲ್ಲಿದ್ದ ಹಾರ್ಲಿಕ್ಸ್ ಬಾಟಲಿಯೊಳಗಿನ ನಟ್ಟು ಬೋಲ್ಟು ಜಣಜಣ ಅನ್ನುತ್ತಿದ್ದವು. ಮೂರ್ನಾಲ್ಕು ಸೆಕೆಂಡು, ಅಷ್ಟೇ. ಆಮೇಲೆ ಎಲ್ಲ ಮೊದಲಿನ ಹಾಗೆ. ಪಕ್ಕದ ಮನೆ ಅಜ್ಜಿ ಒಂದು ದಿನ ಕಾಂಪೌಂಡಿನ ಆಚೆಯಿಂದ ಕೇಳಿದರು, “ಏನಪ್ಪಾ, ಮಧ್ಯಾಹ್ನ ನಿಮ್ಮನೇಲಿ ಭಜನೆ ಇತ್ತಾ?”

ಅವತ್ತು ಅರ್ಥವಾಯಿತು, ಗಟ್ಟಿ ಇರುವುದೇ ಬೇರೆ, ಸುಮ್ಮನಿರುವುದೇ ಬೇರೆ. ಈ ಎರಡನ್ನೂ ಒಂದೇ ವಸ್ತುವಿನಲ್ಲಿ ಹುಡುಕಲು ಹೋಗಿ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಸ್ಟ್ಯಾಂಡನ್ನು ಯಾವುದರಲ್ಲಿ ಮಾಡಿಸಲಿ ಅಂತ ಈಚೆಗೆ ಮೂರು ಜನ ನನ್ನನ್ನು ಕೇಳಿದರು. ಒಬ್ಬರು ಸಾಗರದ ನಮ್ಮ ಭಾವ, ಹೆಂಚಿನ ಕೊಟ್ಟಿಗೆಯನ್ನೇ ವರ್ಕ್‌ಶಾಪ್ ಮಾಡಿಕೊಂಡವರು. ಇನ್ನೊಬ್ಬ ಬೆಂಗಳೂರಿನ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿರುವ ಹಳೇ ಸಹೋದ್ಯೋಗಿ. ಮೂರನೆಯವನು ಕಲಬುರಗಿಯ ಗೆಳೆಯ, ರಜಾದಿನ ಮರಗೆಲಸ ಮಾಡುವವನು. ಮೂವರಿಗೂ ಒಂದೇ ಉತ್ತರ ಹೇಳಲು ಆಗಲಿಲ್ಲ.

ಅಂಗಡಿಗೆ ಹೋಗುವ ಮುಂಚೆ

ಏನೇನು ಇಡುತ್ತೀರಿ ಅಂತ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ, ತೂಕದ ಸಮೇತ. ಡ್ರಿಲ್, ಕೈ ಗ್ರೈಂಡರ್ ತಲಾ ಎರಡು ಕೆ.ಜಿ. ಆಸುಪಾಸು. ಆರಿಂಚಿನ ಬೆಂಚ್ ಗ್ರೈಂಡರ್ ಎಂಟು ಹತ್ತು ಕೆ.ಜಿ. 24 ಲೀಟರಿನ ಕಂಪ್ರೆಸರ್ ಇಪ್ಪತ್ತು ದಾಟುತ್ತದೆ, ಅದರ ಜಾಗದ ವಿಷಯ ಮುಂದೆ ಹೇಳುತ್ತೇನೆ. ಸ್ಕ್ರೂ, ಮೊಳೆ, ನಟ್ಟುಗಳ ಡಬ್ಬಗಳನ್ನು ಎಲ್ಲರೂ ಮರೆಯುತ್ತಾರೆ. ನಿಜವಾದ ಭಾರ ಅಲ್ಲೇ ಇರುತ್ತದೆ. ಒಂದು ಹಂತಕ್ಕೆ 60 ಕೆ.ಜಿ. ಅಂತ ಇಟ್ಟುಕೊಂಡರೆ ಮನೆ ಮಟ್ಟಿಗೆ ಸಾಕು.

ತೂಕ ತಡೆಯುವುದು ಅಂದರೆ ಮುರಿಯದೇ ಇರುವುದು ಮಾತ್ರ ಅಲ್ಲ, ಬಾಗದೇ ಇರಬೇಕು. ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಹಲಗೆಯ ದಪ್ಪ ಎರಡು ಪಟ್ಟಾದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ಭಾರಕ್ಕೆ ಎರಡು ಆಧಾರಗಳ ನಡುವಿನ ಅಂತರ ಅರ್ಧ ಮಾಡಿದರೂ ಅಷ್ಟೇ ಇಳಿಯುತ್ತದೆ. ಮೂರು ಅಡಿ ಉದ್ದ, 16 ಇಂಚು ಅಗಲದ 18 ಎಂ.ಎಂ. ಪ್ಲೈ ಹಲಗೆಯನ್ನು ಎರಡು ತುದಿಯಲ್ಲಿ ಮಾತ್ರ ಕೂರಿಸಿ 60 ಕೆ.ಜಿ. ಹರಡಿ ಇಟ್ಟರೆ ಮಧ್ಯೆ ಸುಮಾರು 5 ಎಂ.ಎಂ. ಬಾಗುತ್ತದೆ. ವರ್ಷ ಕಳೆದಂತೆ ಇನ್ನೂ ಜಾಸ್ತಿ. ಅದೇ ಹಲಗೆಯ ಹಿಂದೆ ಮುಂದೆ ಒಂದೊಂದು ಇಂಚಿನ ಆ್ಯಂಗಲ್ ಕೊಟ್ಟರೆ ಬಾಗು ಒಂದೂವರೆ ಎಂ.ಎಂ. ಒಳಗೆ ಬರುತ್ತದೆ. ಅಂದರೆ ದಪ್ಪ ಹಲಗೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಕೆಳಗಿನ ಚೌಕಟ್ಟಿಗೆ ಹಾಕುವುದು ಬುದ್ಧಿವಂತಿಕೆ.

ಎರಡನೆಯದು ಸದ್ದು. ಅದು ಬರುವುದು ಮೂರು ಕಡೆಯಿಂದ. ತೆಳು ತಗಡು ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಸಡಿಲ ಕೀಲುಗಳು ಕಟಕಟ ಅನ್ನುತ್ತವೆ. ಇವೆರಡೂ ಇಲ್ಲದಿದ್ದರೂ ನಡುಕ ಕಾಲುಗಳ ಮೂಲಕ ನೆಲಕ್ಕೆ, ಗೋಡೆಗೆ ಇಳಿದು ಬೇರೆ ಕೋಣೆಯಲ್ಲಿ ಗುಂಯ್ ಅನ್ನುತ್ತದೆ. ನಮ್ಮ ಕರೆಂಟು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಆವರ್ತ. ಹಾಗಾಗಿ ಬೆಂಚ್ ಗ್ರೈಂಡರಿನ ಮೋಟರು ನಿಮಿಷಕ್ಕೆ ಸುಮಾರು 2850 ಸುತ್ತು ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ 47 ಸಲ ತಳ್ಳುತ್ತದೆ. ಸ್ಟ್ಯಾಂಡಿಗೂ ತನ್ನದೇ ಒಂದು ಓಲಾಟದ ವೇಗ ಇರುತ್ತದೆ. ಮೋಟರು ನಿಲ್ಲುತ್ತಾ ಬರುವಾಗ ಇವೆರಡೂ ಒಂದು ಕ್ಷಣ ತಾಳೆಯಾಗುತ್ತವೆ. ನಮ್ಮನೆ ಭಜನೆಯ ಗುಟ್ಟು ಅದೇ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬೆರಳ ಗೆಣ್ಣಿನಿಂದ ಹಲಗೆಯ ಮಧ್ಯೆ ಒಮ್ಮೆ ಬಡಿಯಿರಿ. ಡಂಯ್ ಅಂತ ಎಳೆದರೆ ಮನೆಯಲ್ಲೂ ಎಳೆಯುತ್ತದೆ. ಟಪ್ ಅಂತ ಸತ್ತರೆ ಒಳ್ಳೆಯದು.

ಉಳಿದದ್ದು ಮಳೆ, ಗೆದ್ದಲು, ಮನೆ ಬದಲಿಸುವ ಸಾಧ್ಯತೆ, ಮತ್ತೆ ಜೇಬು. ಇವು ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು.

ರೆಡಿಮೇಡ್ ರ‍್ಯಾಕ್

ಕಡಿಮೆ ಖರ್ಚು, ಒಂದು ಗಂಟೆಯಲ್ಲಿ ಜೋಡಣೆ, ಬೇಕೆಂದಾಗ ಬಿಚ್ಚಬಹುದು, ಹಂತಗಳನ್ನು ಮೇಲೆ ಕೆಳಗೆ ಮಾಡಬಹುದು. ಬಾಡಿಗೆ ಮನೆಯವರಿಗೆ ಇದನ್ನು ಬಿಟ್ಟರೆ ಸುಲಭದ್ದು ಇನ್ನೊಂದಿಲ್ಲ. ಕೊಳ್ಳುವಾಗ ಗೇಜ್, ಅಂದರೆ ತಗಡಿನ ದಪ್ಪದ ನಂಬರ್ ಕೇಳಿ. ಇಲ್ಲಿ ನಂಬರ್ ಏರಿದಷ್ಟೂ ತಗಡು ತೆಳು. 22 ಗೇಜ್ ಅಂದರೆ ಮುಕ್ಕಾಲು ಎಂ.ಎಂ. ಕೂಡ ಇಲ್ಲ, 18 ಗೇಜ್ ಅಂದರೆ ಸುಮಾರು 1.2 ಎಂ.ಎಂ. ಅಂಗಡಿಯವರು “ಸಾರ್, ಹೆವಿ ಇದೆ” ಅಂದರೆ ತಲೆಯಾಡಿಸಿ, ಆದರೆ ಗೇಜನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸದ್ದಿನ ಮಟ್ಟಿಗೆ ಇದಕ್ಕೆ ಫೇಲು. ಆದರೆ ರಿಪೇರಿ ಸಾಧ್ಯ. ನಾನು ಮಾಡಿದ್ದು ಹೀಗೆ. ಪ್ರತಿ ತಗಡಿನ ಮೇಲೆ ಪಂಚರ್ ಅಂಗಡಿಯಿಂದ ತಂದ ಹಳೇ ಟ್ಯೂಬನ್ನು ಸೀಳಿ ಹಾಸಿದೆ. ಅದರ ಮೇಲೆ 12 ಎಂ.ಎಂ. ಪ್ಲೈ ಕತ್ತರಿಸಿ ಕೂರಿಸಿ, ನಾಲ್ಕು ಮೂಲೆಗೆ ಬೋಲ್ಟು ಬಿಗಿದೆ. ಮೂಲೆಗಳಿಗೆ ಕೊಡುವ ತ್ರಿಕೋನದ ಪ್ಲೇಟುಗಳನ್ನು ಮೊದಲ ಸಲ ಸೋಮಾರಿತನದಿಂದ ಅರ್ಧಕ್ಕೆ ಹಾಕಿದ್ದೆ. ಈ ಸಲ ಎಲ್ಲವನ್ನೂ ಹಾಕಿದೆ. ಹಿಂದುಗಡೆ ಮೂಲೆಯಿಂದ ಮೂಲೆಗೆ ಗುಣಿಸು ಚಿಹ್ನೆಯ ಹಾಗೆ ಎರಡು ಕಬ್ಬಿಣದ ಪಟ್ಟಿ. ಡಂಯ್ ಅನ್ನುತ್ತಿದ್ದ ತಗಡು ಟಪ್ ಅನ್ನತೊಡಗಿತು. ಜಣಜಣ ಪೂರ್ತಿ ಹೋಗಲಿಲ್ಲ, ಆದರೆ ಅಜ್ಜಿ ಮತ್ತೆ ಕೇಳಲಿಲ್ಲ.

ಆ್ಯಂಗಲ್ಲಿನ ಚೌಕಟ್ಟು, ಪ್ಲೈ ಹಲಗೆ

ಸ್ವಂತ ಮನೆ ಇದ್ದರೆ ನನ್ನ ಓಟು ಇದಕ್ಕೇ. ಕಾಲು ಕಬ್ಬಿಣದ್ದು, ಹಲಗೆ ಮರದ್ದು. ಕಬ್ಬಿಣ ಬಾಗುವುದಿಲ್ಲ, ಮರ ಹಾಡುವುದಿಲ್ಲ.

ಕಬ್ಬಿಣದ ಅಂಗಡಿಯಲ್ಲಿ ವ್ಯಾಪಾರ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ತೂಕ ಮನೆಯಲ್ಲೇ ಹಾಕಿಕೊಂಡು ಹೋಗಿ. ಆರಡಿ ಎತ್ತರ, ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಹಂತದ ಸ್ಟ್ಯಾಂಡಿಗೆ ಕಾಲುಗಳಿಗೆ 35 ಎಂ.ಎಂ. ಅಗಲದ 5 ಎಂ.ಎಂ. ದಪ್ಪದ ಆ್ಯಂಗಲ್ ಸಾಕು. ಅದು ಮೀಟರಿಗೆ 2.6 ಕೆ.ಜಿ. ಇರುತ್ತದೆ. ಹಂತಗಳ ಚೌಕಟ್ಟಿಗೆ 25 ಎಂ.ಎಂ. ಅಗಲ, 3 ಎಂ.ಎಂ. ದಪ್ಪದ್ದು, ಮೀಟರಿಗೆ 1.1 ಕೆ.ಜಿ. ಒಟ್ಟು 31 ಕೆ.ಜಿ. ಹತ್ತಿರ ಬರುತ್ತದೆ. ಅದರ ಮೇಲೆ ವೆಲ್ಡಿಂಗ್ ಕೂಲಿ, ತುಕ್ಕು ತಡೆಯುವ ರೆಡ್ ಆಕ್ಸೈಡ್, ಬಣ್ಣ. 

ಆ್ಯಂಗಲ್ ಬದಲು ಸ್ಕ್ವೇರ್ ಪೈಪ್ ಹಾಕಿಸಿದರೆ ನೋಡಲು ಚೆಂದ. ಆದರೆ ಪೊಳ್ಳು ಪೈಪು ಗಂಟೆಯ ಹಾಗೆ ನುಡಿಯುತ್ತದೆ. ಹಾಕಿಸಲೇಬೇಕು ಅಂದರೆ ಕಾಲುಗಳೊಳಗೆ ಒಣ ಮರಳು ತುಂಬಿಸಿ ಮುಚ್ಚಿಬಿಡಿ. ಒದ್ದೆ ಮರಳು ಬೇಡ, ಒಳಗಿಂದಲೇ ತುಕ್ಕು ತಿನ್ನುತ್ತದೆ.

ವೆಲ್ಡಿಂಗ್ ಶಾಪಿನವರಿಗೆ ಒಂದು ಮಾತು ತಪ್ಪದೆ ಹೇಳಿ: ಕಾಲಿನ ತುದಿಗೆ ನಟ್ಟು ಕೂರಿಸಿ, ಎತ್ತರ ಸರಿಮಾಡುವ ಬೋಲ್ಟು ಹಾಕಬೇಕು. ನಾನು ಹೇಳಲಿಲ್ಲ. ಬಂದ ಸ್ಟ್ಯಾಂಡಿನ ಒಂದು ಕಾಲು 4 ಎಂ.ಎಂ. ಗಿಡ್ಡ. ಕೇಳಿದರೆ “ನಿಮ್ಮ ನೆಲವೇ ಸೊಟ್ಟ ಸಾರ್” ಅಂದರು. ಮಟ್ಟ ನೋಡುವ ಲೆವೆಲ್ ಇಟ್ಟು ನೋಡಿದೆ. ನಿಜ ಹೇಳಬೇಕೆಂದರೆ ನೆಲವೂ ಸೊಟ್ಟವಾಗಿತ್ತು.

ಇನ್ನು ಪ್ಲೈ. ಎಂಟಡಿ ನಾಲ್ಕಡಿಯ ಒಂದು ಹಾಳೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಗಳನ್ನು ಅಡ್ಡಡ್ಡ ಕತ್ತರಿಸಿದರೆ ಐದು ಬರುತ್ತವೆ. ಒಂದಡಿ ಅಗಲ, ಎಂಟಡಿ ಉದ್ದದ ಪಟ್ಟಿ ಉಳಿಯುತ್ತದೆ. ಅದನ್ನು ಸೀಳಿ ಹಲಗೆಗಳ ಅಂಚಿಗೆ ತಡೆಯಾಗಿ ಬಡಿಯಿರಿ, ನಡುಕಕ್ಕೆ ಸಾಮಾನು ಜಾರಿ ಬೀಳುವುದಿಲ್ಲ. ಒಣ ಕೋಣೆಗೆ ಐಎಸ್ 303 ಮುದ್ರೆಯ ಪ್ಲೈ ಸಾಕು. ತೇವ ಇರುವ ಕಡೆ ಐಎಸ್ 710, ಅಂದರೆ ಮರೈನ್ ಗ್ರೇಡ್. ಮುದ್ರೆಗಿಂತ ಮುಖ್ಯ ಅಂಚು. ಹಾಳೆಯ ನಾಲ್ಕೂ ಅಂಚಿನಲ್ಲಿ ಕಣ್ಣಾಡಿಸಿ. ಪದರಗಳ ನಡುವೆ ಕಪ್ಪು ತೂತು ಕಂಡರೆ ಒಳಗೆ ಪೊಳ್ಳಿದೆ ಅಂತ ಅರ್ಥ. ಅಲ್ಲಿ ಬೋಲ್ಟು ಹಿಡಿಯುವುದಿಲ್ಲ, ಸದ್ದೂ ಬರುತ್ತದೆ.

ದುಡ್ಡು ಉಳಿಸಬೇಕಾ? ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸದವರ ಹತ್ತಿರ ಬಳಸಿದ ಶಟರಿಂಗ್ ಪ್ಲೈ ಸಿಗುತ್ತದೆ. ಮೇಲೆ ಕಂದು ಬಣ್ಣದ ನುಣುಪು ಪದರ ಇರುವುದು. ಎಣ್ಣೆ, ಗ್ರೀಸ್ ಬಿದ್ದರೆ ಬಟ್ಟೆಯಲ್ಲಿ ಒರೆಸಿದರಾಯಿತು. ಅಂಟಿದ ಸಿಮೆಂಟನ್ನು ಉಳಿಯಲ್ಲಿ ಕೆರೆಯಬೇಕು, ಅದೊಂದು ಭಾನುವಾರದ ಕೆಲಸ. ಕತ್ತರಿಸುವ ಮುಂಚೆ ಮೊಳೆ ಉಳಿದಿದೆಯಾ ನೋಡಿ. ನನ್ನ ಒಂದು ಬ್ಲೇಡು ಹೀಗೇ ಹೋಯಿತು.

ಪೂರ್ತಿ ಮರ

ಹಳೇ ಮನೆ ಕೆಡವಿದ ಮರ ಸಿಕ್ಕರೆ ಬಿಡಬೇಡಿ. ಹೊನ್ನೆ, ಮತ್ತಿ, ತೇಗದ ಹಳೇ ತೊಲೆ, ಬಾಗಿಲ ಚೌಕಟ್ಟುಗಳು ವರ್ಷಗಟ್ಟಲೆ ಒಣಗಿ ಮುಗಿದಿರುತ್ತವೆ, ಇನ್ನು ಸೊಟ್ಟಾಗುವುದು ಕಡಿಮೆ. ಮೂರಿಂಚು ದಪ್ಪದ ಕಾಲು ಕೊಟ್ಟು ಬೋಲ್ಟಿನಲ್ಲಿ ಬಿಗಿದ ಮರದ ಸ್ಟ್ಯಾಂಡಿನಷ್ಟು ಮೌನಿ ಬೇರೆ ಯಾವುದೂ ಇಲ್ಲ. ತೊಂದರೆ ಅಂದರೆ ಜಾಗ ಜಾಸ್ತಿ ತಿನ್ನುತ್ತದೆ, ಬಡಗಿಯ ಕೂಲಿ ಮರಕ್ಕಿಂತ ಮುಂದೆ ಹೋಗಬಹುದು.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ. ಹಲಗೆಗೆ ಪರವಾಗಿಲ್ಲ. ಹಸಿ ಮರ ತಂದು ಅವಸರದಲ್ಲಿ ಜೋಡಿಸಿದರೆ ಒಣಗುತ್ತಾ ಸಂದು ಬಿಟ್ಟು ಕಿರಗುಟ್ಟುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಕಾರ್ಖಾನೆಗಳಿಂದ ಬರುವ ಪೈನ್ ಪ್ಯಾಲೆಟ್ ಮರವನ್ನೂ ಬಳಸಬಹುದು. ಅದರ ಮೇಲೆ ಸುಟ್ಟ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು, ತಗೊಳ್ಳಿ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟದ್ದು, ಮನೆಯೊಳಗೆ ಬೇಡ.

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮತ್ತು ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳದ್ದು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಡಿಎಫ್ ಬಡಿದರೆ ಟಪ್ ಅಂತ ಸಾಯುತ್ತದೆ ನಿಜ, ಆದರೆ ಒಂದು ಸಲ ನೀರು ಕುಡಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ನಡುಕಕ್ಕೆ ಸ್ಕ್ರೂಗಳೇ ಕಳಚಿ ಬರುತ್ತವೆ. ಪುಸ್ತಕಕ್ಕೆ ಸರಿ, ಮಷೀನಿಗೆ ಬೇಡ. ಪ್ಲಾಸ್ಟಿಕ್ ರ‍್ಯಾಕಿನಲ್ಲಿ ಬಣ್ಣದ ಡಬ್ಬ ಇಡಿ, ಅಷ್ಟೇ.

ಕಲ್ಲು, ಸಿಮೆಂಟು

ನಮ್ಮ ಅಡುಗೆಮನೆ, ಅಟ್ಟಗಳಲ್ಲಿ ಕಡಪ ಕಲ್ಲಿನ ಶೆಲ್ಫ್ ನೋಡದವರು ಯಾರಿದ್ದಾರೆ? ಕಲಬುರಗಿ ಕಡೆ ಅದೇ ಜಾಗದಲ್ಲಿ ಶಹಾಬಾದ್ ಕಲ್ಲು. ಗೆದ್ದಲು ಹತ್ತುವುದಿಲ್ಲ, ತುಕ್ಕಿಲ್ಲ, ಬಣ್ಣ ಬೇಡ. ತೂಕವೇ ಅದರ ಮೌನ. ಹತ್ತು ಕೆ.ಜಿ.ಯ ಗ್ರೈಂಡರ್ ಮೂವತ್ತು ಕೆ.ಜಿ.ಯ ಚಪ್ಪಡಿಯನ್ನು ಅಲ್ಲಾಡಿಸಲು ಒದ್ದಾಡುತ್ತದೆ.

ಆ ತೂಕವೇ ಸಮಸ್ಯೆಯೂ ಹೌದು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪದ ಚಪ್ಪಡಿ ಸುಮಾರು 28 ಕೆ.ಜಿ. ತೂಗುತ್ತದೆ. ನಾಲ್ಕು ಹಂತಕ್ಕೆ ಹಾಕಿದರೆ ಖಾಲಿ ಸ್ಟ್ಯಾಂಡೇ ಒಂದು ಕ್ವಿಂಟಾಲ್ ಮೀರುತ್ತದೆ. ಮೇಲಿನ ಹಂತಗಳಿಗೆ ಕಲ್ಲು ಹಾಕಿದರೆ ತಲೆಭಾರವಾಗಿ ಓಲಾಡುತ್ತದೆ. ಇನ್ನೊಂದು ವಿಷಯ, ಈ ಕಲ್ಲುಗಳು ಪದರ ಪದರ. ಸುತ್ತಿಗೆ ಜಾರಿ ಬಿದ್ದರೆ ಚಕ್ಕೆ ಏಳುತ್ತದೆ, ಮಧ್ಯೆ ಆಧಾರ ಇಲ್ಲದಿದ್ದರೆ ಹೇಳದೆ ಕೇಳದೆ ಮುರಿಯುತ್ತದೆ. ಎರಡೂ ಸುಣ್ಣದ ಅಂಶದ ಕಲ್ಲುಗಳು, ಹಾಗಾಗಿ ಬ್ಯಾಟರಿ ಆಸಿಡ್ ಬಿದ್ದರೆ ನೊರೆ ಬಂದು ಸವೆಯುತ್ತವೆ. ಇನ್‌ವರ್ಟರ್ ಬ್ಯಾಟರಿಯನ್ನು ಈ ಸ್ಟ್ಯಾಂಡಿನಲ್ಲಿ ಇಡುವ ಯೋಚನೆ ಇದ್ದರೆ ಕಲ್ಲೊಂದೇ ಅಲ್ಲ, ಯೋಚನೆಯನ್ನೇ ಬಿಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲೇ ಗ್ರೈಂಡರಿನ ಕಿಡಿ ಹಾರುತ್ತಿರುತ್ತದೆ.

ನನ್ನ ಇಷ್ಟದ ಉಪಾಯ ಬೇರೆ. ಗ್ರಾನೈಟ್ ಅಂಗಡಿಗೆ ಹೋಗಿ ಸಿಂಕ್ ಕೂರಿಸಲು ಕತ್ತರಿಸಿ ತೆಗೆದ ತುಂಡು ಇದೆಯಾ ಕೇಳಿ. ಅಡುಗೆ ಕಟ್ಟೆ ಮಾಡುವ ಕಡೆಯೆಲ್ಲ ಅದು ಉಳಿಯುತ್ತದೆ, ಬೇರೆ ಯಾರಿಗೂ ಬೇಡ. ನನಗೆ ಒಂದು ಕಾಫಿ ಖರ್ಚಿನಲ್ಲಿ ಸಿಕ್ಕಿತು. ಇಡೀ ಸ್ಟ್ಯಾಂಡಿಗೆ ಕಲ್ಲು ಹಾಕುವ ಬದಲು, ಪ್ಲೈ ಹಲಗೆಯ ಮೇಲೆ ರಬ್ಬರ್, ರಬ್ಬರ್ ಮೇಲೆ ಈ ತುಂಡು, ತುಂಡಿಗೆ ಬಿಗಿದ ಗ್ರೈಂಡರ್. ತೂಕ ಬೇಕಾದ ಕಡೆ ಮಾತ್ರ ತೂಕ.

ತೀರಾ ಕಡಿಮೆ ಬಜೆಟ್ಟಿನವರಿಗೆ ಸಾಲಿಡ್ ಸಿಮೆಂಟ್ ಬ್ಲಾಕ್ ಇದೆ. ಆರಿಂಚಿನ ಬ್ಲಾಕ್ ಒಂದೊಂದೂ 25 ಕೆ.ಜಿ. ಆಸುಪಾಸು. ಎರಡು ಕಡೆ ಎರಡೆರಡು ಪೇರಿಸಿ ಮೇಲೆ ಹಲಗೆ ಇಟ್ಟರೆ ಮುಗಿಯಿತು. ಎರಡು ಹಂತಕ್ಕಿಂತ ಮೇಲೆ ಹೋಗಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ರಬ್ಬರಿನ ವಿಷಯ

ಯಾವ ವಸ್ತು ಆರಿಸಿದರೂ ಇದು ಬೇಕು. ಆದರೆ ಜಾಸ್ತಿ ಜನ ತಪ್ಪಾಗಿ ಹಾಕುತ್ತಾರೆ. ಮಷೀನಿನ ಅಡಿಗೆ ಅಗಲವಾದ ಮ್ಯಾಟ್ ಹಾಸಿ ‘ಏನೂ ಉಪಯೋಗ ಇಲ್ಲ’ ಅನ್ನುತ್ತಾರೆ. ರಬ್ಬರ್ ನಡುಕ ತಡೆಯಬೇಕಾದರೆ ಅದು ಭಾರಕ್ಕೆ ಅಮುಕಿ ತೆಳುವಾಗಬೇಕು. ಹತ್ತು ಕೆ.ಜಿ.ಯ ಮಷೀನು ದೊಡ್ಡ ಮ್ಯಾಟಿನ ಮೇಲೆ ಕೂತರೆ ಕೂದಲೆಳೆಯಷ್ಟೂ ಅಮುಕುವುದಿಲ್ಲ. ಅದೇ ಮ್ಯಾಟಿನಿಂದ ನಾಲ್ಕು ಪುಟ್ಟ ಚೌಕ ಕತ್ತರಿಸಿ ನಾಲ್ಕು ಮೂಲೆಗೆ ಇಟ್ಟರೆ ಅಮುಕುತ್ತದೆ. 2850 ಸುತ್ತಿನ ಮೋಟರಿಗೆ ರಬ್ಬರ್ ಸುಮಾರು 1 ಎಂ.ಎಂ. ಇಳಿದರೆ ಸಾಕು. 1440 ಸುತ್ತಿನ ಮೋಟರಿಗೆ ಅದರ ನಾಲ್ಕು ಪಟ್ಟು ಬೇಕು. ಅಂದರೆ ನಿಧಾನದ ಮಷೀನನ್ನು ಸುಮ್ಮನಿರಿಸುವುದೇ ಕಷ್ಟ.

ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅರ್ಧ ಇಂಚಿಗಿಂತ ದಪ್ಪ, ನೀರು ಗಂಜಳಕ್ಕೇ ಜಗ್ಗದ್ದು. ಹೈನುಗಾರಿಕೆ ಇರುವ ಊರಿನಲ್ಲಿ ಹಳೇ ತುಂಡು ಸಿಗುವುದು ಕಷ್ಟವಲ್ಲ. ಸ್ಟ್ಯಾಂಡಿನ ಕಾಲಡಿಗೂ ಇದನ್ನೇ ಕೊಡಿ.

ಗೋಡೆಗೆ ಸ್ಟ್ಯಾಂಡ್ ಒರಗಿಸಬೇಡಿ, ಒಂದಿಂಚು ಬಿಡಿ. ಆದರೆ ಆರಡಿ ಎತ್ತರದ್ದು ಮುಂದಕ್ಕೆ ಮಗುಚಬಾರದಲ್ವಾ, ಅದಕ್ಕೆ ಮೇಲ್ಗಡೆ ಎರಡು ಕಡೆ ಗೋಡೆಗೆ ಕಟ್ಟಿ, ನಡುವೆ ರಬ್ಬರ್ ವಾಷರ್ ಕೊಡಿ. ಮಲಗುವ ಕೋಣೆಯ ಗೋಡೆ ಆಗದಿದ್ದರೆ ಒಳ್ಳೆಯದು. ಹಾಲೋ ಬ್ಲಾಕ್ ಗೋಡೆಗೆ ಭಾರದ ಶೆಲ್ಫ್ ನೇತುಹಾಕುವ ಆಸೆ ಬೇಡ, ಒಳಗೆ ಬೋಲ್ಟು ಹಿಡಿಯಲು ಏನೂ ಇರುವುದಿಲ್ಲ.

ಕಂಪ್ರೆಸರ್ ಎಲ್ಲಿ ಇಡಲಿ ಅಂತ ಮೂವರೂ ಕೇಳಿದರು. ಸ್ಟ್ಯಾಂಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ನೆಲದ ಮೇಲೆ ಹಳೇ ಸ್ಕೂಟರ್ ಟಯರ್ ಮಲಗಿಸಿ, ಮೇಲೆ ಒಂದು ಪ್ಲೈ ತುಂಡು, ಅದರ ಮೇಲೆ ಕಂಪ್ರೆಸರ್.

ಮೂವರಿಗೆ ಹೇಳಿದ್ದು

ಬೆಂಗಳೂರಿನವನಿಗೆ ರೆಡಿಮೇಡ್ ರ‍್ಯಾಕ್, 18 ಗೇಜ್, ಮೇಲೆ ಟ್ಯೂಬ್ ಮತ್ತು ಪ್ಲೈ. ಕೆಳಗಿನ ಮನೆಯವರ ತಲೆಯ ಮೇಲೆ ಇರುವುದರಿಂದ ಹಲಗೆಗಿಂತ ಕಾಲಡಿಯ ರಬ್ಬರಿಗೆ ಜಾಸ್ತಿ ಗಮನ ಕೊಡು ಅಂದೆ. ಕಲ್ಲು, ಬ್ಲಾಕ್ ಎರಡೂ ಬೇಡ, ಮುಂದಿನ ಮನೆಗೆ ಹೊರುವವರು ಯಾರು?

ಕಲಬುರಗಿಯವನಿಗೆ ಕೆಳಗಿನ ಎರಡು ಹಂತ ಶಹಾಬಾದ್ ಕಲ್ಲು, ಮೇಲಿನ ಎರಡು ಪ್ಲೈ, ಆ್ಯಂಗಲ್ ಚೌಕಟ್ಟು. ಕಲ್ಲಿನಡಿ ಮಧ್ಯೆ ಒಂದು ಅಡ್ಡ ಆ್ಯಂಗಲ್ ಬೇಕೇ ಬೇಕು. ಅಲ್ಲಿ ಕಲ್ಲು ಅಗ್ಗ, ಹವೆ ಒಣ, ಮನೆ ಸ್ವಂತದ್ದು. ಇಷ್ಟೆಲ್ಲ ಅನುಕೂಲ ಇಟ್ಟುಕೊಂಡು ಅವನು ಎಂಡಿಎಫ್ ತರಲು ಹೊರಟಿದ್ದ.

ಸಾಗರದ ಭಾವನವರ ವಿಷಯದಲ್ಲೇ ನನಗೆ ತಲೆಬಿಸಿ ಆದದ್ದು. ಅವರ ಹತ್ತಿರ ಹಳೇ ಮತ್ತಿ ತೊಲೆ ಇದೆ, ಪುಕ್ಕಟೆ. ಆದರೆ ಮಣ್ಣಿನ ನೆಲ, ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ. ಬರೀ ಕಬ್ಬಿಣ ಅಂದರೆ ವರ್ಷಕ್ಕೊಮ್ಮೆ ತುಕ್ಕು ಉಜ್ಜಬೇಕು, ಬರೀ ಮರ ಅಂದರೆ ಗೆದ್ದಲು. ಕೊನೆಗೆ ಒಪ್ಪಿದ್ದು ಹೀಗೆ: ತೊಲೆಯಿಂದಲೇ ಸ್ಟ್ಯಾಂಡ್, ಹಲಗೆಗೆ ಮರೈನ್ ಪ್ಲೈ, ಮರಕ್ಕೆಲ್ಲ ಎರಡು ಕೈ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ). ಕಾಲು ಮಣ್ಣಿಗೆ ತಾಗದ ಹಾಗೆ ಒಂದೊಂದರ ಅಡಿಗೂ ಗ್ರಾನೈಟ್ ತುಂಡು, ಅದರ ಮೇಲೆ ರಬ್ಬರ್. ಹೊಸ ಮರವಾಗಿದ್ದರೆ ಈ ದಾರಿ ಹೇಳುತ್ತಿರಲಿಲ್ಲ.

“ಗೇರೆಣ್ಣೆ ಹಚ್ಚುವಾಗ ಕೈಗೆ ಗ್ಲೌಸ್ ಹಾಕ್ಕೊಳ್ಳಿ ಭಾವ, ಚರ್ಮ ಸುಡುತ್ತೆ” ಅಂದೆ. “ಅದನ್ನ ನೀನು ನಂಗೆ ಹೇಳ್ಕೊಡ್ತೀಯೇನೋ” ಅಂತ ನಕ್ಕರು. ಮುಂದಿನ ವಾರ ಫೋನಿನಲ್ಲಿ ಸ್ಟ್ಯಾಂಡಿನ ಫೋಟೋ ಕಳಿಸಿದರು. ಮೂಲೆಯಲ್ಲಿ ಅವರ ಎರಡು ಬೆರಳಿಗೆ ಬ್ಯಾಂಡೇಜ್ ಸುತ್ತಿದ್ದು ಕಾಣುತ್ತಿತ್ತು.